ಆಟೋಪೈಲಟ್ ಬೇರೆ, ಕಾವಲು ಬೇರೆ

1990ರ ಫೆಬ್ರುವರಿ 14. ಬಾಂಬೆಯಿಂದ ಬಂದ ಇಂಡಿಯನ್ ಏರ್‌ಲೈನ್ಸ್‌ನ ಏರ್‌ಬಸ್ ಎ320 ವಿಮಾನ ಬೆಂಗಳೂರಿನ ಎಚ್ಎಎಲ್ ರನ್‌ವೇ ತಲುಪುವ ಮೊದಲೇ ಪಕ್ಕದ ಗಾಲ್ಫ್ ಮೈದಾನಕ್ಕೆ ಬಡಿಯಿತು. ಅದರಲ್ಲಿದ್ದ 146 ಜನರಲ್ಲಿ 92 ಮಂದಿ ಸತ್ತರು. ಎಂಜಿನ್ ಕೆಟ್ಟಿರಲಿಲ್ಲ. ವೇಗ ಅಪಾಯದ ಮಟ್ಟಕ್ಕೆ ಕುಸಿದರೆ ವಿಮಾನವೇ ಎಂಜಿನ್‌ಗಳಿಗೆ ಪೂರ್ಣ ಶಕ್ತಿ ಕೊಡುತ್ತದೆ ಎಂಬುದು ಎ320ರ ಹೆಗ್ಗಳಿಕೆಯಾಗಿತ್ತು. 'ಆಲ್ಫಾ ಫ್ಲೋರ್' ಎಂಬ ಆ ವ್ಯವಸ್ಥೆ ಅಂದೂ ಕೆಲಸ ಮಾಡಿತು. ಆದರೂ ವಿಮಾನ ಉಳಿಯಲಿಲ್ಲ.

ವಿಮಾನವನ್ನು ಕಾಯುವುದು ಆಟೋಪೈಲಟ್ ಎಂದು ಪ್ರಯಾಣಿಕರಲ್ಲಿ ಅನೇಕರು ನಂಬಿದ್ದಾರೆ. ಅದು ಪೈಲಟ್ ಹೇಳಿದ ಎತ್ತರ, ದಿಕ್ಕು, ವೇಗವನ್ನು ಪಾಲಿಸುವ ವಿಧೇಯ ಆಳು, ಅಷ್ಟೇ. ಎ320ರಂಥ ಏರ್‌ಬಸ್ ವಿಮಾನಗಳಲ್ಲಿ ಕಾವಲಿನ ಕೆಲಸ ಹಾರಾಟ ನಿಯಂತ್ರಣ ಕಂಪ್ಯೂಟರ್‌ಗಳದು. ಪೈಲಟ್ ಕೈಯಿಂದ ವಿಮಾನ ನಡೆಸುವಾಗಲೂ ಅವು ಎಚ್ಚರವಾಗಿರುತ್ತವೆ: ಪೈಲಟ್ ಕೈಯಲ್ಲಿರುವ ನಿಯಂತ್ರಣ ಕೋಲಾದ ಸೈಡ್‌ಸ್ಟಿಕ್ಕನ್ನು ಪೂರ್ತಿ ಎಳೆದರೂ ವಿಮಾನ ಸ್ಟಾಲ್ ಆಗುವಷ್ಟು, ಅಂದರೆ ರೆಕ್ಕೆಗಳು ಎತ್ತುವ ಬಲ ಕಳೆದುಕೊಳ್ಳುವಷ್ಟು, ಮೂಗು ಮೇಲೇಳದು, ವಿಮಾನ 67 ಡಿಗ್ರಿಗಿಂತ ಹೆಚ್ಚು ವಾಲದು. ವಿಮಾನ ಮಿತಿ ಮೀರುವ ಹಂತಕ್ಕೆ ಬಂದರೆ ಆಟೋಪೈಲಟ್ ತಾನಾಗಿಯೇ ಕಳಚಿಕೊಳ್ಳುತ್ತದೆ. ಅಂದರೆ ಕಾವಲು ಎದ್ದು ನಿಲ್ಲುವ ಹೊತ್ತಿಗೆ ಆಳು ಕೆಲಸ ಬಿಟ್ಟಿರುತ್ತಾನೆ.

ಬೆಂಗಳೂರಿನಲ್ಲಿ ಆಟೋಪೈಲಟ್ ಆಗಲೇ ಆಫ್ ಆಗಿತ್ತು, ಎಂಜಿನ್‌ಗಳ ಶಕ್ತಿಯನ್ನು ನಿಭಾಯಿಸುವ ಆಟೋಥ್ರಸ್ಟ್ ಮಾತ್ರ ಚಾಲೂ ಇತ್ತು. ಅದು ಇದ್ದದ್ದು 'ಓಪನ್ ಡಿಸೆಂಟ್' ಎಂಬ ಮೋಡ್‌ನಲ್ಲಿ. ಆ ಮೋಡ್‌ನಲ್ಲಿ ಎಂಜಿನ್‌ಗಳು ಐಡಲ್‌ನಲ್ಲೇ, ಅಂದರೆ ಕನಿಷ್ಠ ಶಕ್ತಿಯಲ್ಲೇ, ಇರುತ್ತವೆ. ವೇಗವನ್ನು ಮೂಗು ಬಗ್ಗಿಸಿ ಉಳಿಸಿಕೊಳ್ಳಬೇಕು. ಪೈಲಟ್‌ಗಳಿಗೆ ಪರದೆಯ ಮೇಲೆ ದಾರಿ ಸೂಚಿಸುವ ಎರಡೂ ಫ್ಲೈಟ್ ಡೈರೆಕ್ಟರ್‌ಗಳನ್ನು ಆಫ್ ಮಾಡಿದ್ದರೆ ಆಟೋಥ್ರಸ್ಟ್ ವೇಗ ಕಾಯುವ ಮೋಡ್‌ಗೆ ಬರುತ್ತಿತ್ತು. ಒಂದು ಆನ್ ಆಗಿಯೇ ಉಳಿಯಿತು. ಇತ್ತ ಎತ್ತರ ಕಳೆದುಕೊಳ್ಳಬಾರದೆಂದು ಮೂಗು ಎತ್ತಿದಂತೆ, 132 ನಾಟ್ ಇರಬೇಕಿದ್ದ ವೇಗ ಸುಮಾರು 106ಕ್ಕೆ ಇಳಿಯಿತು. ಆಲ್ಫಾ ಫ್ಲೋರ್ ಎಚ್ಚೆತ್ತಾಗ ನೆಲ ತೀರ ಹತ್ತಿರವಿತ್ತು. ಐಡಲ್‌ನಲ್ಲಿರುವ ಜೆಟ್ ಎಂಜಿನ್ ಪೂರ್ಣ ಶಕ್ತಿಗೆ ಬರಲು ಕೆಲವು ಸೆಕೆಂಡುಗಳಾದರೂ ಬೇಕು.

ಕಾವಲೇ ಇಲ್ಲವಾದರೆ? 2009ರ ಜೂನ್ 1ರಂದು ಅಟ್ಲಾಂಟಿಕ್ ಮೇಲೆ, ಏರ್‌ಬಸ್ ವಿಮಾನವೇ ಆದ ಏರ್ ಫ್ರಾನ್ಸ್ 447ಕ್ಕೆ ಹಾಗಾಯಿತು. ವೇಗ ಅಳೆಯುವ ಪಿಟೋ ಕೊಳವೆಗಳಲ್ಲಿ ಮಂಜುಗಡ್ಡೆ ಕಟ್ಟಿ ಅಂಕಿಗಳು ತಾಳೆಯಾಗಲಿಲ್ಲ. ಆಟೋಪೈಲಟ್ ಕಳಚಿತು, ಅದೇ ಅಂಕಿಗಳನ್ನು ನಂಬಿದ್ದ ಸ್ಟಾಲ್ ರಕ್ಷಣೆಯೂ ಹೋಯಿತು. ಸೈಡ್‌ಸ್ಟಿಕ್ ಎಳೆದಾಗ ತಡೆಯುವವರಿರಲಿಲ್ಲ. ನಾಲ್ಕೂವರೆ ನಿಮಿಷದೊಳಗೆ ವಿಮಾನ ಸಮುದ್ರ ಸೇರಿತು, 228 ಜನ ಸತ್ತರು.

ಏರ್‌ಬಸ್‌ನ ಕಾವಲು ಪೈಲಟ್‌ನನ್ನು ತಡೆದರೆ, ಬೋಯಿಂಗ್ 777ರಲ್ಲಿ ಮಿತಿ ಮೀರಿದಾಗ ಚುಕ್ಕಾಣಿ ಭಾರವಾಗುತ್ತದೆ, ಬಲ ಹಾಕಿದರೆ ಪೈಲಟ್ಟೇ ಗೆಲ್ಲುತ್ತಾನೆ. ಏರ್‌ಬಸ್ಸೋ ಬೋಯಿಂಗೋ ಎಂಬ ವಾದ ಇನ್ನೂ ಮುಗಿದಿಲ್ಲ. ನನಗೆ ಅದು ಎರಡನೆಯ ಪ್ರಶ್ನೆ. ಈ ಕ್ಷಣ ಯಾವ ಯಂತ್ರ ಏನನ್ನು ಕಾಯುತ್ತಿದೆ, ಯಾವುದನ್ನು ಬಿಟ್ಟಿದೆ ಎಂದು ಪೈಲಟ್‌ಗೆ ಗೊತ್ತಿರುವುದು ಮೊದಲನೆಯದು. 447ರ ತನಿಖೆ ನಡೆಸಿದ ಫ್ರಾನ್ಸ್‌ನ ಬಿಇಎ ಸಂಸ್ಥೆ ಕೂಡ, ಎತ್ತರದಲ್ಲಿ ಕೈಯಿಂದಲೇ ವಿಮಾನ ನಡೆಸುವ ಮತ್ತು ಸ್ಟಾಲ್‌ನಿಂದ ಹೊರಬರುವ ತರಬೇತಿ ಪೈಲಟ್‌ಗಳಿಗೆ ಸಿಗಬೇಕೆಂದು ಶಿಫಾರಸು ಮಾಡಿತು.