ವಿಟಿ ಮನೆತನದ ಮೂರಕ್ಷರದ ಹೆಸರು

ಕಾಸರಗೋಡು ಜಿಲ್ಲೆಯ ಗಡಿಯೂರಾದ ನಮ್ಮ ವರ್ಕಾಡಿಯ ರಸ್ತೆ ಬದಿಯಲ್ಲಿ ಹತ್ತು ನಿಮಿಷ ನಿಂತರೆ ಎರಡು ರಾಜ್ಯದ ಗಾಡಿಗಳು ಕಣ್ಣೆದುರು ಹಾದುಹೋಗುತ್ತವೆ. ಕೆಎಲ್ 14 ನಮ್ಮದು, ಕೆಎ 19 ಮಂಗಳೂರಿನದು. ಮಂಗಳೂರಿನಲ್ಲಿ ಹಳೇ ಜೀಪು ಕೊಂಡವರು ಎನ್‌ಒಸಿ ತಂದು, ಆರ್‌ಟಿಒ ಕಚೇರಿಗೆ ಅಲೆದು, ತೆರಿಗೆ ಕಟ್ಟಿ ಹೊಸ ನಂಬರ್ ಮಾಡಿಸಿಕೊಳ್ಳುತ್ತಾರೆ. ಪ್ಲೇಟು ಬದಲಾಗುತ್ತದೆ, ಚಾಸಿಸ್ ನಂಬರ್ ಹಾಗೇ ಉಳಿಯುತ್ತದೆ. ಗಡಿಯವರಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಪೈಲಟ್ ತನ್ನ ಹಾರಾಟದ ಲೆಕ್ಕವನ್ನು ಕಾಗದದಿಂದ ಕಂಪ್ಯೂಟರಿಗೆ ಏರಿಸಲು ಕೂತಾಗ ಮೊದಲು ಎಡವುವುದು ಮಾತ್ರ ಇಲ್ಲೇ.

ಪೈಲಟ್ ಲಾಗ್‌ಬುಕ್ ಎಂದರೆ ಹಾರಿದ ಪ್ರತಿ ಗಂಟೆಯ ಲೆಕ್ಕದ ಪುಸ್ತಕ. ಯಾವ ದಿನ, ಎಲ್ಲಿಂದ ಎಲ್ಲಿಗೆ, ಎಷ್ಟು ಹೊತ್ತು, ಹಗಲೋ ರಾತ್ರಿಯೋ, ತಾನೇ ಕಮಾಂಡರೋ ಪಕ್ಕದ ಸೀಟಿನವನೋ ಎಂಬುದೆಲ್ಲ ಅದರಲ್ಲಿರುತ್ತದೆ. ನಮ್ಮ ದೇಶದಲ್ಲಿ ಕಮರ್ಷಿಯಲ್ ಪೈಲಟ್ ಲೈಸೆನ್ಸ್ ಬೇಕಾದರೆ ಕನಿಷ್ಠ 200 ಗಂಟೆ ಹಾರಿರಬೇಕು. ಬೆಂಗಳೂರಿನ ಜಕ್ಕೂರಿನ ಸರ್ಕಾರಿ ತರಬೇತಿ ಶಾಲೆಯಲ್ಲಿ ಸೆಸ್ನಾ ವಿಮಾನ ಹತ್ತಿ ಕಲಿಯುವ ಹುಡುಗಿಗೆ ಆ 200 ಗಂಟೆಯೇ ಆಸ್ತಿ. ಆಸ್ತಿ ಎಂದ ಮೇಲೆ ಪತ್ರ ಸರಿಯಿರಬೇಕು.

ಆ ಪತ್ರಕ್ಕೆ ಜೋಡಿಯಾಗಿ ಇನ್ನೊಂದು ಪತ್ರವಿದೆ. ಪೈಲಟ್ ತನ್ನ ಪುಸ್ತಕ ಬರೆಯುವಂತೆ ವಿಮಾನಕ್ಕೂ ಅದರದೇ ಪುಸ್ತಕ ಇರುತ್ತದೆ. ಅದು ಎಷ್ಟು ಗಂಟೆ ಹಾರಿತು, ಯಾವಾಗ ತಪಾಸಣೆಗೆ ಬರಬೇಕು, ಏನು ರಿಪೇರಿಯಾಯಿತು ಎಂದು ಅಲ್ಲಿ ಬರೆಯುತ್ತಾರೆ. ಒಂದೇ ಹಾರಾಟ ಎರಡೂ ಕಡೆ ದಾಖಲಾಗುತ್ತದೆ, ಅಡಿಕೆ ಮಂಡಿಯ ಖಾತೆಯಲ್ಲೂ ಬೆಳೆಗಾರನ ಚೀಟಿಯಲ್ಲೂ ಒಂದೇ ತೂಕ ಇರುವ ಹಾಗೆ. ಹಾರದೆಯೇ ಗಂಟೆ ಬರೆದುಕೊಂಡವರನ್ನು ಹಿಡಿಯುವುದೂ ಈ ಎರಡನ್ನು ಎದುರುಬದುರು ಇಟ್ಟೇ. ಇವೆರಡನ್ನು ಬೆಸೆಯುವ ಗಂಟು ವಿಮಾನದ ನೋಂದಣಿ ಸಂಖ್ಯೆ. ಸಂಖ್ಯೆ ಎನ್ನುತ್ತೇವಾದರೂ ಭಾರತದ ವಿಮಾನಗಳಲ್ಲಿ ಇರುವುದು ಬರೀ ಅಕ್ಷರ: ವಿಟಿ ಎಂಬ ಮನೆತನದ ಹೆಸರು, ಅದರ ಮುಂದೆ ಮೂರಕ್ಷರ. 1932ರ ಅಕ್ಟೋಬರ್ 15ರಂದು ಜೆಆರ್‌ಡಿ ಟಾಟಾ ಕರಾಚಿಯಿಂದ ಮುಂಬಯಿಗೆ ಟಪಾಲು ತಂದ ಪುಸ್ ಮಾತ್ ವಿಮಾನ ವಿಟಿ-ಎಡಿಎನ್. (ವಿಟಿ ಎಂದರೆ ‘ವೈಸರಾಯ್ಸ್ ಟೆರಿಟರಿ’ ಎಂಬ ಕಥೆ ಚೆನ್ನಾಗಿದೆ, ಆದರೆ ಕಥೆಯೇ. ರೇಡಿಯೋ ಕರೆಗುರುತುಗಳನ್ನು ದೇಶದೇಶಗಳಿಗೆ ಹಂಚಿದಾಗ ನಮ್ಮ ಪಾಲಿಗೆ ಬಂದ ಅಕ್ಷರಗಳವು. ಆಸ್ಟ್ರೇಲಿಯಾಕ್ಕೆ ವಿಎಚ್ ಸಿಕ್ಕಿತು.)

ಕಾಗದದ ಪುಸ್ತಕದಲ್ಲಿ ಪ್ರತಿ ಸಾಲಿನಲ್ಲೂ ಈ ಅಕ್ಷರಗಳನ್ನೂ ಮಾದರಿಯ ಹೆಸರನ್ನೂ ಮತ್ತೆ ಮತ್ತೆ ಬರೆಯಬೇಕು. ಡಿಜಿಟಲ್ ಲಾಗ್‌ಬುಕ್ಕಿನ ಜಾಣತನವೆಂದರೆ ವಿಮಾನಗಳಿಗೇ ಬೇರೆ ಪಟ್ಟಿ ಇಡುವುದು. ಒಂದೊಂದು ವಿಮಾನಕ್ಕೂ ಒಂದೊಂದು ದಾಖಲೆ: ನೋಂದಣಿ, ಮಾದರಿ, ಎಂಜಿನ್ ಒಂದೋ ಎರಡೋ, ಪಿಸ್ಟನ್ನೋ ಜೆಟ್ಟೋ, ಚಕ್ರ ಒಳಗೆ ಮಡಚುತ್ತದೋ ಇಲ್ಲವೋ. ಹಾರಾಟದ ಸಾಲು ಆ ದಾಖಲೆಗೆ ಬೆರಳು ತೋರಿಸಿದರೆ ಸಾಕು. ‘ಎರಡು ಎಂಜಿನ್ ವಿಮಾನದಲ್ಲಿ ರಾತ್ರಿ ಎಷ್ಟು ಗಂಟೆ?’ ಎಂದು ಕೇಳಿದರೆ ಉತ್ತರ ತಕ್ಷಣ ಬರುತ್ತದೆ.

ಅನುಕೂಲ ಇರುವಲ್ಲೇ ಅಪಾಯವೂ ಇದೆ. ಕಾಗದದಲ್ಲಿ ತಪ್ಪಿದರೆ ಒಂದು ಸಾಲು ತಪ್ಪುತ್ತದೆ. ಇಲ್ಲಿ ವಿಮಾನದ ದಾಖಲೆಯಲ್ಲಿ ಮಾದರಿಯನ್ನು ತಪ್ಪಾಗಿ ಆರಿಸಿದರೆ ಅದಕ್ಕೆ ಅಂಟಿದ ಮುನ್ನೂರು ಹಾರಾಟವೂ ಒಮ್ಮೆಲೇ ತಪ್ಪುತ್ತದೆ, ಅದೂ ಸದ್ದಿಲ್ಲದೆ. ಬೋಯಿಂಗ್ 737-800ರ ಅಂತರರಾಷ್ಟ್ರೀಯ ಸಂಕೇತ ಬಿ738, ಅದರ ತಮ್ಮ ಮ್ಯಾಕ್ಸ್ 8ರದು ಬಿ38ಎಂ. ಪಟ್ಟಿಯಲ್ಲಿ ಬೆರಳು ಜಾರಲು ಇಷ್ಟು ಸಾಕು. ಏರ್‌ಬಸ್ ಎ320, ಎ321ಗಳಿಗೆ ಒಂದೇ ಟೈಪ್ ರೇಟಿಂಗ್, ಅಂದರೆ ಆ ಬಗೆಯ ವಿಮಾನ ಹಾರಿಸುವ ಅನುಮತಿ, ಸಾಲುತ್ತದಾದರೂ ಅವುಗಳ ಸಂಕೇತ ಬೇರೆ ಬೇರೆ. ಒಳ್ಳೆಯ ತಂತ್ರಾಂಶ ಇವನ್ನು ಮೂರು ಮೆಟ್ಟಿಲಾಗಿ ಇಡುತ್ತದೆ: ಈ ಒಂದು ವಿಮಾನ, ಅದರ ಮಾದರಿ, ಆ ಮಾದರಿ ಸೇರುವ ಕುಟುಂಬ.

ಇನ್ನು ಕಾಗುಣಿತ. ನಮ್ಮೂರನ್ನು ವರ್ಕಾಡಿ, ವೊರ್ಕಾಡಿ, ವೋರ್ಕಾಡಿ ಎಂದು ಮೂರು ಬಗೆಯಲ್ಲಿ ಬರೆದರೂ ಪೋಸ್ಟ್‌ಮ್ಯಾನ್ ಮನೆಗೇ ಬರುತ್ತಾನೆ. ಕಂಪ್ಯೂಟರಿಗೆ ಆ ದಾಕ್ಷಿಣ್ಯ ಇಲ್ಲ. ನಡುವಿನ ಅಡ್ಡಗೆರೆ ಬಿಟ್ಟು ಬರೆದರೆ ಬೇರೆ ವಿಮಾನ, ಜಾಗ ಬಿಟ್ಟು ಬರೆದರೆ ಮತ್ತೊಂದು. ಒಂದೇ ಸೆಸ್ನಾ ಮೂರಾಗಿ ಗಂಟೆಗಳು ಮೂರು ಪಾಲಾಗುತ್ತವೆ. ಇಂಗ್ಲಿಷಿನ ‘ಓ’ ಇರಬೇಕಾದಲ್ಲಿ ಸೊನ್ನೆ ಒತ್ತುವುದು ಇನ್ನೊಂದು ಚಾಳಿ. ನಮ್ಮ ನೋಂದಣಿಯಲ್ಲಿ ಅಂಕಿಯೇ ಇಲ್ಲದ ಕಾರಣ ತಂತ್ರಾಂಶ ಇದನ್ನು ಸುಲಭವಾಗಿ ಹಿಡಿಯಬಹುದು. ಅಮೆರಿಕದಲ್ಲಿ ಅಂಕಿ ಅಕ್ಷರ ಎರಡೂ ಬೆರೆಯುವುದರಿಂದ ಅಲ್ಲಿಯವರು ‘ಐ’, ‘ಓ’ ಅಕ್ಷರಗಳನ್ನೇ ನೋಂದಣಿಯಿಂದ ಹೊರಗಿಟ್ಟಿದ್ದಾರೆ.

ಜೀಪಿನ ಮಾತಿಗೆ ಮರಳೋಣ. ವಿಮಾನಗಳೂ ದೇಶ ಬಿಟ್ಟು ದೇಶಕ್ಕೆ ಮಾರಾಟವಾಗುತ್ತವೆ, ಲೀಸಿಗೆ ಹೋಗುತ್ತವೆ. ಆಗ ಮೈಮೇಲಿನ ಅಕ್ಷರ ಅಳಿಸಿ ಬೇರೆ ಬರೆಯುತ್ತಾರೆ. ಕಾರ್ಖಾನೆ ಕೊಟ್ಟ ಕ್ರಮಸಂಖ್ಯೆ, ಅಂದರೆ ವಿಮಾನದ ಚಾಸಿಸ್ ನಂಬರ್, ಬದಲಾಗುವುದಿಲ್ಲ. ಪೈಲಟ್ ಇಲ್ಲಿ ಹಳೆಯ ದಾಖಲೆಯ ಮೇಲೆಯೇ ಹೊಸ ಅಕ್ಷರ ತಿದ್ದಿದರೆ ಕೆಟ್ಟಿತು. ಐದು ವರ್ಷದ ಹಿಂದಿನ ಹಾರಾಟವೂ ಹೊಸ ಹೆಸರಿನಲ್ಲಿ ಕಾಣಿಸಿಕೊಳ್ಳುತ್ತದೆ, ವಿಮಾನದ ಪುಸ್ತಕದೊಡನೆ ತಾಳೆಯಾಗುವುದಿಲ್ಲ. ಹೊಸ ದಾಖಲೆ ತೆರೆದು ಕ್ರಮಸಂಖ್ಯೆಯ ಮೂಲಕ ಎರಡನ್ನೂ ಜೋಡಿಸುವುದೇ ದಾರಿ. ಉಲ್ಟಾ ಪ್ರಕರಣವೂ ಉಂಟು. 2024ರ ನವೆಂಬರ್ 12ರಂದು ವಿಸ್ತಾರ ವಿಮಾನಯಾನ ಕಂಪನಿ ಏರ್ ಇಂಡಿಯಾದಲ್ಲಿ ಲೀನವಾದಾಗ ಅದರ ವಿಮಾನಗಳ ಅಕ್ಷರ ಬದಲಾಗಲಿಲ್ಲ, ಯಜಮಾನ ಬದಲಾದ. ಕಂಪನಿಯ ಹೆಸರನ್ನು ವಿಮಾನದ ದಾಖಲೆಯೊಳಗೆ ಬರೆದಿಟ್ಟವರಿಗೆ ಅಂದು ತಲೆನೋವು. ಅದನ್ನು ಆಯಾ ಹಾರಾಟದ ಸಾಲಿನಲ್ಲಿ ಬರೆದವರಿಗೆ ತೊಂದರೆಯಿಲ್ಲ.

ಸಿಮ್ಯುಲೇಟರನ್ನೂ ಈ ಪಟ್ಟಿಯಲ್ಲೇ ಸೇರಿಸುವವರಿದ್ದಾರೆ. ಸೇರಿಸಲಿ, ಆದರೆ ಅದು ನೆಲ ಬಿಟ್ಟು ಏಳದ ಯಂತ್ರ ಎಂಬ ಗುರುತು ಹಾಕದಿದ್ದರೆ ಅದರ ಗಂಟೆಗಳೂ ಹಾರಾಟದ ಮೊತ್ತಕ್ಕೆ ಕೂಡಿಕೊಳ್ಳುತ್ತವೆ. ವಿಮಾನಯಾನ ನಿಯಂತ್ರಕ ಸಂಸ್ಥೆಯಾದ ಡಿಜಿಸಿಎಯ ಆನ್‌ಲೈನ್ ವ್ಯವಸ್ಥೆ ಇಜಿಸಿಎ 2021ರಲ್ಲಿ ಉದ್ಘಾಟನೆಯಾದ ಮೇಲೆ ಪೈಲಟರ ಲೆಕ್ಕ ಸರ್ಕಾರದ ಕಣ್ಣಿಗೂ ನೇರವಾಗಿ ಬೀಳುತ್ತಿದೆ. ಆಮೇಲೆ ತಿದ್ದಿದರಾಯಿತು ಎಂಬ ಹಳೆಯ ಅಭ್ಯಾಸ ಅಲ್ಲಿ ನಡೆಯುವುದು ಕಷ್ಟ.

ಕೊನೆಯ ಪ್ರಶ್ನೆ ಅಳಿಸುವ ಗುಂಡಿಯದು. ಗುಜರಿಗೆ ಹೋದ ವಿಮಾನದ ದಾಖಲೆಯನ್ನು ತೆಗೆದರೆ ಪಟ್ಟಿ ಹಗುರವಾಗುತ್ತದೆ, ಜೊತೆಗೆ ಆ ಹಾರಾಟಗಳು ಅನಾಥವಾಗುತ್ತವೆ. ಹಾಗಾಗಿ ‘ಈಗ ಬಳಕೆಯಲ್ಲಿಲ್ಲ’ ಎಂದು ಗುರುತು ಹಾಕಿ ಮರೆಗೆ ಸರಿಸಬೇಕೇ ಹೊರತು ಅಳಿಸಕೂಡದು. 2010ರ ಮೇ 22ರ ಬೆಳಗ್ಗೆ ದುಬೈಯಿಂದ ಬಂದು ಮಂಗಳೂರಿನ ಬಜಪೆ ವಿಮಾನ ನಿಲ್ದಾಣದ ರನ್‌ವೇ ದಾಟಿ ಕಣಿವೆಗೆ ಬಿದ್ದ 737-800, ವಿಟಿ-ಎಎಕ್ಸ್‌ವಿ. ಅದರಲ್ಲಿದ್ದ 166 ಜನರಲ್ಲಿ 158 ಮಂದಿ ತೀರಿಕೊಂಡರು, ಅವರಲ್ಲಿ ಕಾಸರಗೋಡಿನವರು ಹಲವರು. ವಿಮಾನಕ್ಕಾಗ ವಯಸ್ಸು ಸುಮಾರು ಎರಡೂವರೆ ವರ್ಷ. ಆ ಎರಡೂವರೆ ವರ್ಷದಲ್ಲಿ ಅದನ್ನು ಹಾರಿಸಿ ಕ್ಷೇಮವಾಗಿ ಇಳಿಸಿದ ಬೇರೆ ಪೈಲಟರ ಪುಸ್ತಕಗಳಲ್ಲಿ ಆ ಐದಕ್ಷರ ದಿನಾಂಕ, ಗಂಟೆ, ನಿಮಿಷದ ಪಕ್ಕದಲ್ಲಿ ಮಾಮೂಲಿ ಸಾಲಾಗಿ ಕೂತಿರುತ್ತದೆ.