ಮನೆ ಕಾಯುವ ಕೋವಿ

ಕೊಡಗಿನ ಕಾಫಿ ತೋಟದ ಮನೆಗೆ ಸಾಮಾನ್ಯವಾಗಿ ಅಕ್ಕಪಕ್ಕದ ಮನೆ ಎಂಬುದಿರುವುದಿಲ್ಲ. ಗೇಟಿನಿಂದ ಅಂಗಳಕ್ಕೆ ಬರಲು ಹತ್ತು ನಿಮಿಷ ನಡೆಯಬೇಕಾದ ಮನೆಗಳಿವೆ. ಆಷಾಢದಲ್ಲಿ ತಂತಿಯ ಮೇಲೆ ಮರ ಬಿದ್ದರೆ ದಿನಗಟ್ಟಲೆ ಕತ್ತಲು, ಫೋನಿಗೆ ಸಿಗ್ನಲ್ ಇಲ್ಲ. ಮಕ್ಕಳು ಬೆಂಗಳೂರಿನಲ್ಲೋ ಹೊರದೇಶದಲ್ಲೋ ಇರುತ್ತಾರೆ. ಮನೆಯಲ್ಲಿ ಉಳಿದವರು ವಯಸ್ಸಾದ ಇಬ್ಬರೇ. ಇಂಥ ಮನೆಯಲ್ಲಿ ಹನ್ನೆರಡು ಬೋರಿನ ಕೋವಿಯೊಂದಿದ್ದರೆ ಅದನ್ನು ಪ್ರತಿಷ್ಠೆಯ ವಸ್ತು ಎಂದು ತಳ್ಳಿಹಾಕಲು ನನಗೆ ಮನಸ್ಸಾಗುವುದಿಲ್ಲ. ಆದರೆ ಅದು ಎಂಥ ಕೋವಿ, ಅದಕ್ಕೆ ಯಾವ ತೋಟಾ, ರಾತ್ರಿ ಅದು ಎಲ್ಲಿರುತ್ತದೆ, ಬೀಗದ ಕೈ ಯಾರ ಬಳಿ ಇದೆ? ಕೋವಿಯ ಬಗ್ಗೆ ಇಷ್ಟೊಂದು ಅಭಿಮಾನವಿರುವ ನಾಡಿನಲ್ಲೂ ಈ ಮಾತುಗಳು ನಡೆಯುವುದು ಕಡಿಮೆ.

ಅಭಿಮಾನಕ್ಕೆ ಕಾರಣವಿದೆ. ಕೊಡಗನ್ನಾಳಿದ ಹಾಲೇರಿ ಅರಸರ ಕಾಲದಲ್ಲಿ ಜಮ್ಮಾ ಎಂಬ ವಂಶಪಾರಂಪರ್ಯದ ಭೂಮಿ ಪಡೆದವರು ಅರಸ ಕರೆದಾಗ ಆಯುಧ ಹಿಡಿದು ಬರಬೇಕಿತ್ತು. 1834ರಲ್ಲಿ ಕೊಡಗು ಬ್ರಿಟಿಷರ ವಶವಾಯಿತು. 1857ರ ದಂಗೆಯ ನಂತರ ಜನರಿಂದ ಆಯುಧ ಕಿತ್ತುಕೊಳ್ಳುವ ಕಾನೂನು ಬಂದಾಗ, ಕಮಿಷನರ್ ಮಾರ್ಕ್ ಕಬ್ಬನ್ 1861ರ ಫೆಬ್ರವರಿಯಲ್ಲಿ ಅದು ಕೊಡಗಿಗೆ ಅನ್ವಯಿಸುವುದಿಲ್ಲ ಎಂದು ಪ್ರಕಟಣೆ ಹೊರಡಿಸಿದ. ಬೆಂಗಳೂರಿನ ಕಬ್ಬನ್ ಪಾರ್ಕಿಗೆ ಹೆಸರು ಕೊಟ್ಟ ಆ ಅಧಿಕಾರಿಯೇ ಈತ. ಸ್ವಾತಂತ್ರ್ಯಾನಂತರ 1959ರ ಶಸ್ತ್ರಾಸ್ತ್ರ ಕಾಯ್ದೆ ಬಂತು. ಅದರ ಅಡಿಯಲ್ಲೂ ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಪರವಾನಗಿಯಿಂದ ವಿನಾಯಿತಿ ಮುಂದುವರಿಯಿತು. ಜಮ್ಮಾ ಹಿಡುವಳಿದಾರರಲ್ಲಿ ಬೇರೆ ಸಮುದಾಯದವರೂ ಇದ್ದಾರೆಂಬುದನ್ನು ಹೊರಗಿನವರು ಮರೆಯುತ್ತಾರೆ. 2019ರಲ್ಲಿ ಕೇಂದ್ರ ಗೃಹ ಸಚಿವಾಲಯ ಈ ವಿನಾಯಿತಿಯನ್ನು 2029ರ ಅಕ್ಟೋಬರ್ 31ರವರೆಗೆ ವಿಸ್ತರಿಸಿತು. ಇದನ್ನು ಪ್ರಶ್ನಿಸಿದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯನ್ನು ಕರ್ನಾಟಕ ಹೈಕೋರ್ಟ್ 2021ರಲ್ಲಿ ವಜಾ ಮಾಡಿತು.

ಕೈಲ್ ಪೊಳ್ದ್‌ ಎಂಬ ಆಯುಧ ಹಬ್ಬದ ದಿನ ಕೋವಿಗೆ ಪೂಜೆ, ನಳಿಗೆಗೆ ತೋಕ್ ಪೂ ಎಂಬ ಹೂವಿನ ಸಿಂಗಾರ, ಆಮೇಲೆ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವ ಪಂದ್ಯ. ಸುಗ್ಗಿಯ ಹಬ್ಬ ಹುತ್ತರಿಯಲ್ಲಿ ಕದಿರು ತೆಗೆಯುವಾಗ ಒಂದು ಈಡು. ಗಂಡುಮಗು ಹುಟ್ಟಿದಾಗ ಒಂದು, ಸಾವಾದಾಗ ಒಂದರ ಬೆನ್ನಿಗೇ ಇನ್ನೊಂದು. ಕಣಿವೆಯ ಆಚೆಯವರಿಗೆ ಸುದ್ದಿ ಮುಟ್ಟುತ್ತಿದ್ದುದು ಹಾಗೆ. ಈ ಆಚರಣೆಗಳಲ್ಲೆಲ್ಲ ಕೋವಿ ಹಿರಿಯರ ಕಣ್ಣೆದುರು, ಹಗಲಿನಲ್ಲಿ, ಸ್ಥಿಮಿತದ ಕೈಯಲ್ಲಿರುತ್ತದೆ. ನಡುರಾತ್ರಿ ನಾಯಿ ಬೊಗಳಿದಾಗ ಅರೆನಿದ್ದೆಯಲ್ಲಿ ಎದ್ದವನ ಕೈಗೆ ಬರುವ ಕೋವಿಗೆ ಅಂಥ ಕಾವಲಿಲ್ಲ.

ಉಳಿದ ಕರ್ನಾಟಕದವರಿಗೆ ಪರವಾನಗಿ ಬೇಕೇಬೇಕು. 21 ವರ್ಷ ತುಂಬಿರಬೇಕು, ಪೊಲೀಸರ ವರದಿ ಆಗಬೇಕು, ಬಳಕೆಯ ತರಬೇತಿ ಪಡೆದಿರಬೇಕು. ಕಾಯ್ದೆಯ 13ನೆಯ ಸೆಕ್ಷನ್ ಒಂದು ಮಾತನ್ನು ಸ್ಪಷ್ಟವಾಗಿಯೇ ಹೇಳುತ್ತದೆ: ರಕ್ಷಣೆಗೋ ಕ್ರೀಡೆಗೋ ಕೇಳುವ ನಾಗರಿಕನಿಗೆ 20 ಇಂಚಿಗಿಂತ ಕಡಿಮೆಯಿಲ್ಲದ ನಯವಾದ ನಳಿಗೆಯ ಬಂದೂಕು, ಬೆಳೆ ಕಾಯಲು ಕೇಳುವವನಿಗೆ ಬಾಯಿಯಿಂದ ಮದ್ದು ತುಂಬುವ ಕೇಪಿನ ಕೋವಿ. ಅದು ಸಾಲದು ಎಂದು ತೋರಿಸಿಕೊಟ್ಟರೆ ತೋಟಾ ಕೋವಿಯೂ ಸಿಗಬಹುದು. ಅಂದರೆ ಮನೆ ಕಾಯಲು ಚರೆ ಹಾರಿಸುವ ಕೋವಿಯೇ ತಕ್ಕದ್ದು ಎಂದು ನಮ್ಮ ಕಾನೂನು ಬರೆದವರೂ ಎಣಿಸಿದ್ದರು. 2019ರ ತಿದ್ದುಪಡಿಯಿಂದ ಒಬ್ಬರು ಇಟ್ಟುಕೊಳ್ಳಬಹುದಾದ ಬಂದೂಕು ಮೂರರಿಂದ ಎರಡಕ್ಕಿಳಿದಿದೆ, ಪರವಾನಗಿಯ ಅವಧಿ ಮೂರು ವರ್ಷದಿಂದ ಐದಕ್ಕೇರಿದೆ.

ಇನ್ನು ಆಯ್ಕೆ. ಒಂದು ಪೌಂಡು ಸೀಸವನ್ನು ಹನ್ನೆರಡು ಸಮ ಗುಂಡುಗಳಾಗಿ ಮಾಡಿದರೆ ಒಂದೊಂದರ ಅಡ್ಡಳತೆ ಸುಮಾರು 18.5 ಮಿಲಿಮೀಟರ್. ಅದೇ ಹನ್ನೆರಡು ಬೋರ್. ನಮ್ಮಲ್ಲಿ ಇದರದ್ದೇ ತೋಟಾ ಸುಲಭವಾಗಿ ಸಿಗುವುದರಿಂದ ಬೇರೆ ಬೋರಿನ ಯೋಚನೆಯೇ ಬೇಡ. ಒಂಟಿ ನಳಿಗೆ, ಜೋಡಿ ನಳಿಗೆ, ಪಂಪ್ ಆಕ್ಷನ್ ಎಂಬ ಮೂರರಲ್ಲಿ ಹೊಸಬರ ಕಣ್ಣು ಪಂಪ್ ಆಕ್ಷನ್ ಮೇಲೇ. ಸಿನಿಮಾದಲ್ಲಿ ಅದರ ಸದ್ದೇ ಕಳ್ಳನನ್ನು ಓಡಿಸುತ್ತದೆ. ನನ್ನ ಆಯ್ಕೆ ಜೋಡಿ ನಳಿಗೆ. ಅದನ್ನು ನಡುವೆ ಮಡಚಿ ತೆರೆದರೆ ಎರಡೂ ನಳಿಗೆ ಕಣ್ಣಿಗೆ ಕಾಣುತ್ತವೆ. ತೋಟಾ ಇದೆಯೋ ಇಲ್ಲವೋ ಎಂಬುದು ಅಜ್ಜಿಗೂ ಗೊತ್ತಾಗುತ್ತದೆ. ಪಂಪ್ ಆಕ್ಷನ್ ಕೋವಿಯ ಹೊಟ್ಟೆಯಲ್ಲಿ ತೋಟಾ ಅಡಗಿರಬಹುದು, ಖಾಲಿ ಎಂದು ಮೇಜಿನ ಮೇಲಿಟ್ಟದ್ದು ಖಾಲಿಯಾಗಿಲ್ಲದೆ ಇರಬಹುದು. ನಿತ್ಯ ಅಭ್ಯಾಸ ಮಾಡದ ಮನೆಗೆ ಕಣ್ಣಿಗೆ ಕಾಣುವ ಖಾಲಿತನಕ್ಕಿಂತ ದೊಡ್ಡ ಸುರಕ್ಷತೆ ಇಲ್ಲ. ಎರಡು ಈಡು ಸಾಕೇ ಎಂದು ಕೇಳುವವರಿದ್ದಾರೆ. ತೋಟದ ಮನೆಯ ಕಾವಲಿಗೆ ಸಾಕು ಎಂದೇ ನನ್ನ ಅಭಿಪ್ರಾಯ.

ನಮ್ಮ ಹಳೆಯ ಕೋವಿಗಳ ನಳಿಗೆ ಸಾಮಾನ್ಯವಾಗಿ 30 ಅಥವಾ 32 ಇಂಚು. ಹಾರುವ ಹಕ್ಕಿಗೆ ಹೇಳಿಮಾಡಿಸಿದ ಉದ್ದ ಅದು. ಬಾಗಿಲ ಸಂದಿಯಲ್ಲಿ, ಕಿರಿದಾದ ಪಡಸಾಲೆಯಲ್ಲಿ ತಿರುಗಿಸಲು ಹೋದರೆ ಚೌಕಟ್ಟಿಗೆ ತಾಗುತ್ತದೆ. ಹೊಸದು ಕೊಳ್ಳುವವರು 26 ಅಥವಾ 28 ಇಂಚಿನದನ್ನು ನೋಡಲಿ. ಇರುವ ನಳಿಗೆಯನ್ನು ಊರ ಕಮ್ಮಾರನ ಬಳಿ ಕತ್ತರಿಸಿಕೊಳ್ಳುವ ಆಲೋಚನೆ ಯಾರಿಗೂ ಬಾರದಿರಲಿ. ಪರವಾನಗಿಯಿಲ್ಲದೆ ನಳಿಗೆ ಮೊಟಕು ಮಾಡುವುದೇ ಕಾಯ್ದೆಯ ಪ್ರಕಾರ ಅಪರಾಧ.

ಎಲ್ಲಕ್ಕಿಂತ ಹೆಚ್ಚು ಕಾಳಜಿ ಬೇಕಾದ್ದು ಅಜ್ಜನ ಕಾಲದ ಕೋವಿಗೆ. ಕೊಡವರ ಮೂಲಮನೆಗಳಾದ ಐನ್‌ಮನೆಗಳಲ್ಲೂ ಮಲೆನಾಡಿನ ದೊಡ್ಡಮನೆಗಳಲ್ಲೂ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಿಂದ ಬಂದ ಕೋವಿಗಳು ಇನ್ನೂ ಇವೆ. ಕೆಲವು ನಳಿಗೆಗಳ ಮೈಮೇಲೆ ಸುರುಳಿ ಸುರುಳಿಯಾದ ಚಿತ್ತಾರ ಕಾಣುತ್ತದೆ. ಅವು ಡಮಾಸ್ಕಸ್ ನಳಿಗೆಗಳು: ಕಬ್ಬಿಣ ಮತ್ತು ಉಕ್ಕಿನ ಪಟ್ಟಿಗಳನ್ನು ಹೊಸೆದು, ಸುತ್ತಿ, ಬೆಸೆದು ಮಾಡಿದವು. ಅವುಗಳಲ್ಲಿ ಹೆಚ್ಚಿನವು ಕರಿಮದ್ದಿನ ಕಾಲದವು, ಇಂದಿನ ಹೊಗೆಯಿಲ್ಲದ ಮದ್ದಿನ ಒತ್ತಡಕ್ಕೆ ಪರೀಕ್ಷೆಯಾಗದವು. ನೂರು ಮಳೆಗಾಲ ಕಂಡ ಬೆಸುಗೆಯೊಳಗೆ ತುಕ್ಕು ಎಲ್ಲಿ ಹೊಕ್ಕಿದೆಯೋ ಹೊರಗಿನಿಂದ ತಿಳಿಯದು. ಸಿಡಿದರೆ ಹೋಗುವುದು ನಳಿಗೆಯಡಿ ಹಿಡಿದ ಕೈಯ ಬೆರಳುಗಳು. ಇನ್ನೊಂದು ಅಪಾಯ ತೋಟಾದ ಉದ್ದದ್ದು. ಹಳೆಯ ಇಂಗ್ಲಿಷ್ ಕೋವಿಗಳ ತೋಟಾ ಗೂಡು ಎರಡೂವರೆ ಇಂಚು, ಅಂದರೆ ಸುಮಾರು 65 ಮಿಲಿಮೀಟರ್. ಇಂದಿನ ಸಾಮಾನ್ಯ ತೋಟಾ 70 ಮಿಲಿಮೀಟರ್. ಮಡಿಸಿದ ಬಾಯಿಯ ಉದ್ದದ ತೋಟಾ ಗಿಡ್ಡ ಗೂಡಿನೊಳಗೆ ಸಲೀಸಾಗಿ ಕೂರುತ್ತದೆ, ಮೋಸ ಇರುವುದು ಅಲ್ಲೇ. ಹಾರಿಸಿದಾಗ ಬಾಯಿ ಬಿಚ್ಚಿಕೊಳ್ಳಲು ಜಾಗವಿಲ್ಲದೆ ಒತ್ತಡ ಮಿತಿ ಮೀರುತ್ತದೆ. ನಳಿಗೆಯ ತಳಭಾಗದಲ್ಲಿ ಒತ್ತಿರುವ ಪರೀಕ್ಷಾ ಮುದ್ರೆಗಳಲ್ಲಿ ಈ ಕಥೆಯೆಲ್ಲ ಬರೆದಿರುತ್ತದೆ. ಬರ್ಮಿಂಗ್‌ಹ್ಯಾಮಿನ ಪರೀಕ್ಷಾಲಯ 1813ರಿಂದ ಇಂಥ ಮುದ್ರೆ ಒತ್ತುತ್ತಿದೆ. ಆ ಮುದ್ರೆಗಳನ್ನು ಓದಬಲ್ಲ, ಪರವಾನಗಿ ಇರುವ ಬಂದೂಕು ರಿಪೇರಿಯವರಿಗೆ ತೋರಿಸದೆ ಅಜ್ಜನ ಕೋವಿಗೆ ಹೊಸ ತೋಟಾ ಹಾಕಬಾರದು.

ತೋಟಾಗಳ ವಿಷಯದಲ್ಲಿ ಊರ ತುಂಬ ತಪ್ಪು ನಂಬಿಕೆಗಳಿವೆ. ಚರೆ ಹರಡುತ್ತದೆ, ಗುರಿ ಬೇಕಿಲ್ಲ ಎಂಬುದು ಅವುಗಳಲ್ಲಿ ಮುಖ್ಯವಾದದ್ದು. ಒಂದು ಗಜ ದೂರಕ್ಕೆ ಸುಮಾರು ಒಂದು ಇಂಚಿನಷ್ಟು ಚರೆ ಹರಡುತ್ತದೆ ಎಂಬುದು ಬಳಕೆಯಲ್ಲಿರುವ ಲೆಕ್ಕ. ಪಡಸಾಲೆಯ ಈ ತುದಿಯಿಂದ ಆ ತುದಿಗೆ ಅದು ಅಂಗೈಯಗಲವೂ ಆಗದಿರಬಹುದು. ನಳಿಗೆಯ ಬಾಯಿ ಬಿಗಿಯಾಗಿದ್ದರೆ, ಅಂದರೆ ಚೋಕ್ ಇದ್ದರೆ, ಇನ್ನೂ ಕಡಿಮೆ. ಗುರಿ ತಪ್ಪಿದ ಚರೆ ಎಲ್ಲಿ ಹೋಗುತ್ತದೆ ಎಂಬುದು ಎರಡನೆಯ ಮಾತು. ಎಲ್‌ಜಿ, ಎಸ್‌ಜಿಯಂಥ ದಪ್ಪ ಚರೆಗೆ ಹಲಗೆಯ ಬಾಗಿಲು, ಪ್ಲೈವುಡ್ ಗೋಡೆ, ಹೆಂಚಿನ ಮಾಡು ಯಾವುದೂ ಅಡ್ಡಿಯಲ್ಲ. ಬಾಗಿಲಾಚೆ ಮೊಮ್ಮಗಳು ಮಲಗಿರಬಹುದು, ಅಂಗಳದಾಚೆ ಲೈನ್‌ಮನೆಯಲ್ಲಿ ಕೆಲಸದವರ ಸಂಸಾರವಿರಬಹುದು. ಸಣ್ಣ ಚರೆ ಬೇಗ ಬಿರುಸು ಕಳೆದುಕೊಳ್ಳುತ್ತದೆ. ಮನೆಯೊಳಗಿನ ದೂರಕ್ಕೆ ಅದೂ ಪ್ರಾಣ ತೆಗೆಯಬಲ್ಲದು, ಆದರೆ ಗೋಡೆ ದಾಟಿದ ಮೇಲೆ ಅದರ ಅಪಾಯ ಕಡಿಮೆ. ಹಂದಿಗೆಂದು ತಂದ ಎಲ್‌ಜಿ ತೋಟಾವನ್ನೇ ಮನೆ ಕಾವಲಿಗೂ ಇಟ್ಟುಕೊಳ್ಳುವ ರೂಢಿಯನ್ನು ಬಿಡಬೇಕು.

ಜೋಡಿಸುವ ಸಾಮಾನುಗಳ ಬಗ್ಗೆ ಅಂತರ್ಜಾಲದಲ್ಲಿ ದೊಡ್ಡ ಸಂತೆಯೇ ಇದೆ. ಅಮೆರಿಕದವರು ಕೋವಿಗೆ ಹಳಿ ಬಿಗಿದು ಲೇಸರ್, ದುರ್ಬೀನು, ತೋಟಾ ಸಿಕ್ಕಿಸುವ ಪಟ್ಟಿ ಎಂದು ಏನೇನೋ ಸೇರಿಸುತ್ತಾರೆ. ತೋಟದ ಮನೆಗೆ ಬೇಕಾದ್ದು ಎರಡು ಮೂರು. ಹಿಡಿಯ ತುದಿಗೆ ರಬ್ಬರ್ ಪ್ಯಾಡ್: ಒದೆತ ತಾಳಲಾಗದ ಹೆಂಗಸರೂ ಮುದುಕರೂ ಕಣ್ಣು ಮುಚ್ಚಿ ಹೊಡೆಯುವುದನ್ನು ಇದು ತಪ್ಪಿಸುತ್ತದೆ. ಹಿಡಿ ಉದ್ದವಾಗಿದ್ದರೆ ಬಡಗಿಯಿಂದಲ್ಲ, ಬಂದೂಕು ಕೆಲಸ ಬಲ್ಲವರಿಂದ ಅಳತೆಗೆ ತರಿಸಿ. ಒಳ್ಳೆಯ ಟಾರ್ಚ್ ಬೇಕು, ಅದನ್ನು ನಳಿಗೆಗೆ ಕಟ್ಟುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ಹಾಗೆ ಕಟ್ಟಿದರೆ ಬೆಳಕು ಬಿಟ್ಟು ನೋಡುವುದೆಲ್ಲದರ ಮೇಲೂ ಕೋವಿಯ ಬಾಯಿ ತಿರುಗುತ್ತದೆ, ನೋಡಿದ್ದು ಶೌಚಕ್ಕೆ ಎದ್ದ ಮಗನಾಗಿದ್ದರೂ. ಅಂಗಳಕ್ಕೆ ಬ್ಯಾಟರಿಯ ಮೇಲೆ ಉರಿಯುವ ದೀಪ, ಗಟ್ಟಿ ಬಾಗಿಲು, ಎಚ್ಚರದ ನಾಯಿ ಇವು ಕೋವಿಗಿಂತ ಮೊದಲು ಬರಬೇಕು. ಸದ್ದಡಗಿಸುವ ಸಾಧನವನ್ನಂತೂ ಕಾಯ್ದೆ ಬಂದೂಕಿನ ವ್ಯಾಖ್ಯೆಯೊಳಗೇ ಸೇರಿಸಿದೆ, ಅದರ ಗೊಡವೆಗೆ ಹೋಗಲೇಬಾರದು.

ನಮ್ಮ ಮಳೆ ಕೋವಿಗೆ ಶತ್ರು. ಚರ್ಮದ ಚೀಲದಲ್ಲಿ ಹಾಕಿಟ್ಟರೆ ಚರ್ಮ ತೇವ ಹೀರಿ ನಳಿಗೆಗೆ ತುಕ್ಕು ಹಿಡಿಸುತ್ತದೆ. ಅಡುಗೆ ಎಣ್ಣೆ ಸವರಿದರೆ ಕಾಲಕ್ರಮೇಣ ಅಂಟಾಗಿ ಕೋವಿಯ ಕುದುರೆ ಕಚ್ಚಿಕೊಳ್ಳುತ್ತದೆ. ಬಂದೂಕಿನ ಎಣ್ಣೆಯನ್ನೇ ತೆಳ್ಳಗೆ ಹಚ್ಚಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಗಾಗ ತೆಗೆದು ಒರೆಸಿ. ಕಾಗದದ ಕವಚದ ತೋಟಾ ತಂಡಿಗೆ ಊದಿಕೊಂಡು ಗೂಡಿನಲ್ಲಿ ಸಿಕ್ಕಿಬೀಳುತ್ತದೆ.

ಈಗ ಬೀಗದ ಮಾತು. ತುಂಬಿದ ಕೋವಿಯನ್ನು ಬಾಗಿಲ ಹಿಂದೆ ಒರಗಿಸಿಡುವ ಮನೆಗಳಿವೆ. ಕೇಳಿದರೆ, ಕಳ್ಳ ಬಂದಾಗ ಬೀಗದ ಕೈ ಹುಡುಕುತ್ತಾ ಕೂರಲೇ ಎನ್ನುತ್ತಾರೆ. ಕಳ್ಳ ಬರುವುದು ಬಾಳಿನಲ್ಲಿ ಒಮ್ಮೆ, ಬಾರದೆಯೂ ಇರಬಹುದು. ಮಕ್ಕಳು ರಜೆಗೆ ಪ್ರತಿವರ್ಷ ಬರುತ್ತಾರೆ. ಕುಡಿತ, ಪಾಲಿನ ಜಗಳ, ಸಾಲ, ಬೆಲೆ ಕುಸಿತ, ಮನಸ್ಸಿನ ಕತ್ತಲು ಯಾವ ಮನೆಗೂ ಹೊಸತಲ್ಲ. 1993ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು, ಬಂದೂಕು ಇರುವ ಮನೆಯಲ್ಲಿ ಕೊಲೆ ನಡೆಯುವ ಸಂಭವ ಸುಮಾರು 2.7 ಪಟ್ಟು ಎಂದು ಲೆಕ್ಕ ಹಾಕಿತು, ಅದೂ ಹೆಚ್ಚಾಗಿ ಮನೆಯವರ ಅಥವಾ ಹತ್ತಿರದವರ ಕೈಯಿಂದ. ಅದರ ವಿಧಾನದ ಬಗ್ಗೆ ಅಲ್ಲಿ ಇಂದಿಗೂ ವಾದವಿದೆ. ಆದರೂ ಅಪಾಯ ಒಳಗಿನಿಂದಲೂ ಬರುತ್ತದೆ ಎಂಬುದನ್ನು ನಮ್ಮೂರಿನ ಪತ್ರಿಕೆ ಓದುವವರಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಕೋವಿ ಖಾಲಿಯಾಗಿ ಉಕ್ಕಿನ ಬೀರುವಿನಲ್ಲಿರಲಿ, ತೋಟಾ ಬೇರೆ ಬೀಗದಲ್ಲಿರಲಿ. ಬೀಗದ ಕೈ ಒಬ್ಬರ ಬಳಿಯೇ ಇರಲಿ. ಅಭ್ಯಾಸವಿದ್ದವರಿಗೆ ಎರಡು ಬೀಗ ತೆಗೆದು ತೋಟಾ ಹಾಕಲು ಹೆಚ್ಚು ಹೊತ್ತು ಬೇಕಿಲ್ಲ. ಆ ಹೊತ್ತಿನಲ್ಲಿ ನಿದ್ದೆಗಣ್ಣೂ ತಿಳಿಯಾಗುತ್ತದೆ. ಮನೆಯಲ್ಲಿ ಯಾರಾದರೂ ಬೇಸರದಲ್ಲಿ ಮುಳುಗಿದ್ದಾರೆ ಅನ್ನಿಸಿದರೆ ಕೋವಿಯನ್ನು ಪರವಾನಗಿ ಇರುವ ಅಂಗಡಿಯಲ್ಲೋ ಠಾಣೆಯಲ್ಲೋ ಠೇವಣಿ ಇಡಿ. ಚುನಾವಣೆಗೆಂದು ಠಾಣೆಗೆ ಒಪ್ಪಿಸಲು ಗೊಣಗುವ ನಾವು ಇದಕ್ಕೆ ಗೊಣಗಬಾರದು.

ಹಾರಿಸಿದ ಮೇಲೆ ಏನಾಗುತ್ತದೆ ಎಂಬುದೂ ಗೊತ್ತಿರಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 41ನೆಯ ಸೆಕ್ಷನ್ ಪ್ರಕಾರ ದರೋಡೆ, ಸೂರ್ಯಾಸ್ತದಿಂದ ಸೂರ್ಯೋದಯದೊಳಗೆ ಮನೆಗೆ ಕನ್ನ, ವಾಸದ ಮನೆಗೆ ಬೆಂಕಿ, ಪ್ರಾಣಕ್ಕೆ ಸಂಚಕಾರ ಬರುವಂಥ ಅತಿಕ್ರಮ ಪ್ರವೇಶ ಇವುಗಳ ಎದುರು ಸ್ವತ್ತಿನ ರಕ್ಷಣೆಯ ಹಕ್ಕು ಪ್ರಾಣ ತೆಗೆಯುವವರೆಗೂ ಚಾಚುತ್ತದೆ. ಆದರೆ 37ನೆಯ ಸೆಕ್ಷನ್ ಅದಕ್ಕೆ ಬೇಲಿ ಹಾಕುತ್ತದೆ: ಅಗತ್ಯಕ್ಕಿಂತ ಹೆಚ್ಚು ಹಾನಿ ಮಾಡುವಂತಿಲ್ಲ, ಪೊಲೀಸರ ನೆರವು ಪಡೆಯಲು ಸಮಯವಿದ್ದರೆ ಈ ಹಕ್ಕೇ ಇಲ್ಲ. ಕಾಳುಮೆಣಸಿನ ಮೂಟೆ ಹೊತ್ತು ಓಡುತ್ತಿರುವವನ ಬೆನ್ನಿಗೆ ಹೊಡೆದ ಈಡನ್ನು ಈ ಸೆಕ್ಷನ್‌ಗಳ ಆಸರೆಯಲ್ಲಿ ಸಮರ್ಥಿಸುವುದು ಬಹಳ ಕಷ್ಟ. ಕೋವಿ ಯಾರ ಹೆಸರಿನಲ್ಲಿದೆ ಎಂಬುದೂ ಮುಖ್ಯ. ಯಜಮಾನ ತೀರಿಕೊಂಡ ಮೇಲೂ ಅವರ ಪರವಾನಗಿಯ ಕೋವಿ ಹಾಗೇ ಬೀರುವಿನಲ್ಲಿ ಉಳಿದಿರುವ ಮನೆಗಳಿವೆ. ಅದನ್ನು ತಡಮಾಡದೆ ಠೇವಣಿ ಇಟ್ಟು, ವಾರಸುದಾರರು ತಮ್ಮ ಹೆಸರಿಗೆ ಅರ್ಜಿ ಹಾಕಬೇಕು.

ವಿನಾಯಿತಿಯ ಅವಧಿ ಮುಗಿಯುವ 2029ರ ಅಕ್ಟೋಬರ್ ದೂರವೇನಿಲ್ಲ. ವಿನಾಯಿತಿ ಮುಂದುವರಿಯಬೇಕೆಂದು ಬಯಸುವ ಕೊಡಗಿನ ಮನೆಗಳಿಗೂ, ಪರವಾನಗಿ ಪಡೆದ ಮಲೆನಾಡು, ಕರಾವಳಿಯ ಮನೆಗಳಿಗೂ ನನ್ನದೊಂದು ವಿನಂತಿ. ಈ ವಾರ ಕೋವಿಯನ್ನು ಹೊರತೆಗೆದು ಖಾಲಿ ಮಾಡಿ, ನಳಿಗೆಯ ತಳದ ಮುದ್ರೆ ನೋಡಿ, ಹಳೆಯದಾಗಿದ್ದರೆ ರಿಪೇರಿಯವರಿಗೆ ತೋರಿಸಿ. ಊದಿದ, ಹಸಿರುಗಟ್ಟಿದ ತೋಟಾಗಳನ್ನು ಹಾರಿಸಿ ನೋಡಲು ಹೋಗದೆ ಠಾಣೆಗೋ ಅಂಗಡಿಗೋ ಒಪ್ಪಿಸಿ. ಬೀರುವಿಗೆ ಬೀಗ ಇಲ್ಲದಿದ್ದರೆ ಮೊದಲು ಬೀಗ ಹಾಕಿಸಿ.