ಭೂಮಿಯ ವಯಸ್ಸೂ ಅದರ ಒಳರಚನೆಯೂ

ರೈತನು ಭೂಮಿಯನ್ನು ತಾಯಿಯೆಂದು ಕರೆಯುತ್ತಾನೆ. ಆದರೆ ಆ ತಾಯಿಯ ವಯಸ್ಸೆಷ್ಟು, ಆಕೆಯ ಒಡಲಿನಲ್ಲಿ ಏನಿದೆ ಎಂಬುದನ್ನು ವಿಚಾರಿಸುವವರು ವಿರಳ. ನೇಗಿಲು ಹೋಗುವುದು ಕೆಲವು ಅಂಗುಲಗಳಷ್ಟೇ ಆದುದರಿಂದ, ಅದರ ಕೆಳಗಿನ ಸಂಗತಿ ತಮಗೇಕೆಂದು ಕೆಲವರು ಭಾವಿಸಬಹುದು. ಜಮೀನಿನ ಸಾರ, ಬಾವಿಯ ನೀರು ಇವೆರಡೂ ಆ ಸಂಗತಿಯನ್ನೇ ಅವಲಂಬಿಸಿರುವುದರಿಂದ, ಗ್ರಾಮದ ಮುಖಂಡರೂ ಭೂಮಾಲೀಕರೂ ಇದನ್ನು ಸ್ವಲ್ಪಮಟ್ಟಿಗಾದರೂ ತಿಳಿದಿರುವುದು ಶ್ರೇಯಸ್ಕರ.

ವಯಸ್ಸು:— ಪಂಚಾಂಗದ ಗಣನೆಯಂತೆ ಕಲ್ಪವೊಂದಕ್ಕೆ 432 ಕೋಟಿ ವರ್ಷಗಳು. ಹೀಗೆ ಕೋಟಿಗಳಲ್ಲಿ ಎಣಿಸಿ ಅಭ್ಯಾಸವುಳ್ಳ ಈ ದೇಶದ ಜನರಿಗೆ ಭೂಶಾಸ್ತ್ರಜ್ಞರ ಲೆಕ್ಕವು ಅಪರಿಚಿತವೆನಿಸಲಾರದು. ಅವರ ಲೆಕ್ಕವಾದರೋ ಶಿಲೆಗಳ ಪರೀಕ್ಷೆಯಿಂದ ಬಂದುದು. ಕೆಲವು ಶಿಲೆಗಳಲ್ಲಿ ಅತ್ಯಲ್ಪವಾಗಿ ಬೆರೆತಿರುವ ಯುರೇನಿಯಂ ಎಂಬ ಲೋಹವು ತಾನಾಗಿಯೇ ಕ್ರಮೇಣ ಸೀಸವಾಗಿ ಮಾರ್ಪಡುತ್ತದೆ. ಅದರ ಮುಖ್ಯ ಜಾತಿಯಲ್ಲಿ ಅರ್ಧಭಾಗವು ಹೀಗೆ ಮಾರ್ಪಡಲು ಸುಮಾರು 447 ಕೋಟಿ ವರ್ಷಗಳು ಬೇಕು. ಹಗೇವಿನಲ್ಲಿ ಉಳಿದ ರಾಗಿಯನ್ನೂ ಖರ್ಚಾದುದನ್ನೂ ಅಳೆದು ಎಷ್ಟು ತಿಂಗಳು ಕಳೆಯಿತೆಂದು ಹೇಳುವಂತೆ, ಉಳಿದ ಯುರೇನಿಯಂ ಮತ್ತು ಉಂಟಾದ ಸೀಸಗಳನ್ನು ಅಳೆದು ಶಿಲೆಯ ವಯಸ್ಸನ್ನು ನಿರ್ಣಯಿಸುತ್ತಾರೆ. 1956ರಲ್ಲಿ ಅಮೆರಿಕದ ಪ್ಯಾಟರ್ಸನ್ ಎಂಬ ವಿದ್ವಾಂಸರು ಉಲ್ಕಾಶಿಲೆಗಳ ಸೀಸವನ್ನು ಪರೀಕ್ಷಿಸಿ ಭೂಮಿಯ ವಯಸ್ಸು 455 ಕೋಟಿ ವರ್ಷಗಳೆಂದು ಪ್ರಕಟಿಸಿದರು. ಈಗ ಅಂಗೀಕೃತವಾಗಿರುವ ಸಂಖ್ಯೆ ಸುಮಾರು 454 ಕೋಟಿ.

ಉತ್ಪತ್ತಿ:— ಸೂರ್ಯನ ಸುತ್ತ ತಿರುಗುತ್ತಿದ್ದ ಧೂಳೂ ಶಿಲಾಖಂಡಗಳೂ ಒಂದಕ್ಕೊಂದು ಬಡಿದು ಕೂಡಿಕೊಂಡು ಭೂಗೋಳವಾಯಿತು. ಆ ಬಡಿತದ ಶಾಖದಿಂದ ಗೋಳದ ಬಹುಭಾಗವು ಕರಗಿ, ಭಾರವಾದ ಕಬ್ಬಿಣವು ನಡುವಿಗೆ ಇಳಿಯಿತು. ಹಗುರವಾದ ಶಿಲಾದ್ರವ್ಯವು ಮೇಲಕ್ಕೆ ಬಂದು, ಕಾಯಿಸಿದ ಹಾಲಿನ ಕೆನೆಯಂತೆ ತಣಿದು ಗಟ್ಟಿಯಾಯಿತು.

ಒಳರಚನೆ:— ಮೇಲ್ಮೈಯಿಂದ ಕೇಂದ್ರಕ್ಕೆ ಸುಮಾರು 3,960 ಮೈಲಿಗಳು. ಮೇಲಿನ ಶಿಲಾಕವಚವು ಭೂಖಂಡಗಳಲ್ಲಿ ಸಾಮಾನ್ಯವಾಗಿ 20ರಿಂದ 25 ಮೈಲಿ ದಪ್ಪವಿದೆ. ಅದರ ಕೆಳಗೆ 1,800 ಮೈಲಿಗಳ ಆಳದವರೆಗೆ ಕಾದಿದ್ದರೂ ಬಹುತೇಕ ಗಟ್ಟಿಯಾದ ಶಿಲೆಯೂ, ಅನಂತರ ಸುಮಾರು 1,400 ಮೈಲಿ ದ್ರವರೂಪದ ಕಬ್ಬಿಣ ಮತ್ತು ನಿಕ್ಕಲ್ಲುಗಳೂ, ನಟ್ಟನಡುವೆ ಒತ್ತಡದಿಂದ ಗಟ್ಟಿಯಾಗಿರುವ ಲೋಹದ ಗುಂಡೂ ಇವೆ. 2001ರಲ್ಲಿ ಮುಚ್ಚಿದ ಕೋಲಾರದ ಚಿನ್ನದ ಗಣಿಯು 10,000 ಅಡಿಗಳಿಗೂ ಮಿಕ್ಕಿ ಇಳಿದಿತ್ತು. ರಷ್ಯದ ಕೋಲಾದಲ್ಲಿ 1989ರ ವೇಳೆಗೆ ಕೊರೆದ ರಂಧ್ರವು 40,000 ಅಡಿಗಳನ್ನು ದಾಟಿತು. ಇವೆರಡೂ ಕವಚದೊಳಗೇ ನಿಂತವು. ಹಾಗಾದರೆ ಒಳಗಿನ ಸಂಗತಿ ತಿಳಿದುದು ಹೇಗೆ? ತೆಂಗಿನಕಾಯಿಯನ್ನು ಒಡೆಯದೆ ತಟ್ಟಿ ನೋಡಿ ಗುಣವನ್ನು ಅರಿಯುವಂತೆ, ಭೂಕಂಪದ ಅಲೆಗಳಿಂದ ಅರಿತರು. ಭಾರತದ ಭೂವಿಜ್ಞಾನ ಇಲಾಖೆಯಲ್ಲಿದ್ದ ಓಲ್ಡ್‌ಹ್ಯಾಮ್ ಎಂಬುವರು 1897ರ ಅಸ್ಸಾಂ ಭೂಕಂಪದ ಅಲೆಗಳನ್ನು ವಿಂಗಡಿಸಿದರು. 1906ರಲ್ಲಿ ಭೂಮಿಗೆ ಬೇರೆಯೇ ಒಂದು ಗರ್ಭವುಂಟೆಂದು ತೋರಿಸಿದರು. ಅದರೊಳಗೆ ಇನ್ನೊಂದು ಗರ್ಭವಿದೆಯೆಂದು 1936ರಲ್ಲಿ ಡೆನ್ಮಾರ್ಕಿನ ಇಂಗೆ ಲೇಮಾನ್ ಎಂಬ ಮಹಿಳೆ ಕಂಡುಹಿಡಿದರು.

ಮಣ್ಣೂ ನೀರೂ:— ಬೆಂಗಳೂರಿನ ಲಾಲ್‌ಬಾಗಿನ ಬಂಡೆಯು ಸುಮಾರು 300 ಕೋಟಿ ವರ್ಷಗಳಷ್ಟು ಹಳೆಯದು. ದಕ್ಷಿಣದ ಬಯಲುಸೀಮೆಯ ಕೆಂಪು ಮಣ್ಣು ಬಹುಮಟ್ಟಿಗೆ ಇಂತಹ ಶಿಲೆಯೇ ಬಿಸಿಲು ಮಳೆಗಳಿಂದ ಪುಡಿಯಾಗಿ ಆದುದು. ವಿಜಯಪುರದ ಕಡೆಯ ಎರೆಮಣ್ಣಾದರೋ, ಸುಮಾರು 6.6 ಕೋಟಿ ವರ್ಷಗಳ ಹಿಂದೆ ಬಿರುಕುಗಳಿಂದ ಉಕ್ಕಿ ಹರಿದು ಹೆಪ್ಪುಗಟ್ಟಿದ ಕರಿಕಲ್ಲಿನ ಮಗಳು.

ಈ ಹಳೆಯ ಶಿಲೆಯೊಳಗೆ ನೀರು ನದಿಯಂತೆ ಹರಿಯುವುದಿಲ್ಲ. ಮೇಲಿನ ಸಡಿಲವಾದ ಪದರದಲ್ಲಿಯೂ ಶಿಲೆಯ ಬಿರುಕುಗಳಲ್ಲಿಯೂ ಮಾತ್ರ ನಿಲ್ಲುತ್ತದೆ. ಆಳಕ್ಕೆ ಹೋದಷ್ಟೂ ಬಿರುಕುಗಳು ಸಾಮಾನ್ಯವಾಗಿ ಕಡಮೆಯಾಗುತ್ತವೆ. ಆದುದರಿಂದ ಹೆಚ್ಚು ಆಳಕ್ಕೆ ಕೊರೆದರೆ ನೀರು ಸಿಕ್ಕಿಯೇ ತೀರುವುದೆಂದು ನಂಬಿ ಸಾಲಮಾಡಿ ಕೊಳವೆಬಾವಿ ತೋಡಿಸುವುದು ವಿವೇಕವಲ್ಲ. ಕೆರೆಯ ಹೂಳನ್ನು ತೆಗೆಯಿಸಿ, ಬಿದ್ದ ಮಳೆಯನ್ನು ಇಂಗಿಸಿದಲ್ಲಿಯೇ ಬಿರುಕುಗಳು ಮತ್ತೆ ತುಂಬುತ್ತವೆ.

ಮಣ್ಣಿನ ವಿಷಯವು ಇದಕ್ಕಿಂತಲೂ ಗಂಭೀರ. ಶಿಲೆಯಿಂದ ಒಂದು ಅಂಗುಲ ಮಣ್ಣಾಗಲು ನೂರಾರು ವರ್ಷಗಳು ಹಿಡಿಯುತ್ತವೆ. ಬದುವಿಲ್ಲದ ಇಳಿಜಾರಿನಲ್ಲಿ ಅದು ಕೆಲವೇ ಮಳೆಗಾಲಗಳಲ್ಲಿ ಕೊಚ್ಚಿಹೋಗಬಹುದು. ಇಟ್ಟಿಗೆ ಗೂಡಿಗೆ ಮೇಲ್ಮಣ್ಣನ್ನು ಮಾರಿದವನ ಹಣ ಒಂದು ವರ್ಷಕ್ಕೆ ಮುಗಿಯುತ್ತದೆ. ಹೋದ ಮಣ್ಣು ಅವನ ಮೊಮ್ಮಕ್ಕಳ ಕಾಲಕ್ಕೂ ಮರಳದು. ಗ್ರಾಮದ ಮುಖಂಡರು ತಮ್ಮ ಹೊಲಗಳಲ್ಲಿ ಮೊದಲು ಬದು ಹಾಕಿಸಿ, ಇಳಿಜಾರಿಗೆ ಅಡ್ಡಲಾಗಿ ಉಳಿಸಿ, ಇತರರಿಗೆ ಮೇಲ್ಪಂಕ್ತಿಯಾಗತಕ್ಕದ್ದು. ಕೋಟಿ ವರ್ಷಗಳ ಗಳಿಕೆಯನ್ನು ಕಾಯುವ ಹೊಣೆ ಈಗ ಉಳುವವನ ಕೈಯಲ್ಲಿದೆ.